ಹಂಪಿ ನೋಡಿದವ್ರಿಗೆ ಕೊಪ್ಪಳ ತೋರಿಸೋದು ಹೆಂಗ?

ಕೋಟೆ_ಓಣಿ:

ಡಿಸೆಂಬರ್‌ದಾಗ ಮೈಸೂರು ಕಡೆಯಿಂದ ಬೀಗರು ಆರು ಮಂದಿ ಬರಾಕತ್ತಾರ. ಶನಿವಾರ ಮುಂಜಾನಿಂದ ರವಿವಾರ ಸಂಜಿತನಕ ಇರ್ತಾರ. ಹಂಪಿ, ಹೊಸಪೇಟೆ ಡ್ಯಾಮ್ ಹಿಂದ ನೋಡ್ಯಾರ. "ಈ ಸಲ ನಿಮ್ಮ ಊರು ತೋರಿಸ್ರಿ" ಅಂದಾರ. ಅವರೊಳಗ ಒಬ್ಬರು ಅಜ್ಜಿ, ಎಪ್ಪತ್ತು ದಾಟೈತಿ, ಮೊಣಕಾಲು ನೋವು. ಇಬ್ಬರು ಸಣ್ಣ ಹುಡುಗ್ರು. ಒಬ್ಬರಿಗೆ ಶಾಸನ ಅಂದ್ರ ಊಟದ ನೆನಪೂ ಇರೋದಿಲ್ಲ. ಏಳು ಸೀಟಿನ ಗಾಡಿ ಐತಿ.

ನಾ ಹಾಕಿಕೊಂಡ ಲೆಕ್ಕ: ಶನಿವಾರ ಕೋಟೆ, ಗವಿಮಠ, ಅಶೋಕನ ಶಾಸನ, ಮಧ್ಯಾಹ್ನ ಅಂಜನಾದ್ರಿ. ರವಿವಾರ ಇಟಗಿ, ಕುಕನೂರು, ಕಿನ್ನಾಳ, ಹುಲಿಗಿ. ಇದು ಆಗ್ತೈತೇನು? ಯಾವುದು ಬಿಡಬೇಕು? ದಿನಾ ನಮ್ಮ ಕಣ್ಣಿಗೆ ಬೀಳೋದು, ಹೊರಗಿನವ್ರಿಗೆ ಹೊಸದು ಅನ್ನಿಸೋದು ಊರಾಗ ಏನೈತಿ?

ಕೊಪಣಗಿರಿ:

ಪಟ್ಟಿ ಚೆನ್ನಾಗಿದೆ, ಜೋಡಣೆ ತಪ್ಪಿದೆ. ಶನಿವಾರ ಮಧ್ಯಾಹ್ನ ಅಂಜನಾದ್ರಿ ಅಂದರೆ ಹನುಮಪ್ಪನ ವಾರ, ಕಾದ ಬಂಡೆ, 575 ಮೆಟ್ಟಿಲು, ಜೊತೆಗೆ ಮೊಣಕಾಲು ನೋವಿನ ಅಜ್ಜಿ. ಅದನ್ನು ಅಲ್ಲಿಂದ ತೆಗೆಯಿರಿ.

ನಮ್ಮ ಜಿಲ್ಲೆಯನ್ನು ದಿಕ್ಕು ಹಿಡಿದು ತೋರಿಸಬೇಕು. ಪಶ್ಚಿಮಕ್ಕೆ ಹೋದರೆ ಎರೆ ಹೊಲ, ಬಿಳಿಜೋಳ, ಕಡಲೆ, ಚಾಲುಕ್ಯರ ಗುಡಿಗಳು. ಪೂರ್ವಕ್ಕೆ ಹೋದರೆ ಎಡದಂಡೆ ಕಾಲುವೆ, ಗಂಗಾವತಿಯ ಭತ್ತ, ಬಂಡೆಗುಡ್ಡ, ಹೊಳೆ. ಒಂದೊಂದು ದಿನ ಒಂದೊಂದು ದಿಕ್ಕು ಇಟ್ಟುಕೊಂಡರೆ ಗಾಡಿಯಲ್ಲಿ ಕೂತವರಿಗೂ ಕಿಟಕಿಯಾಚೆ ನೆಲ ಬದಲಾಗುವುದು ಕಾಣುತ್ತದೆ. ಎರಡು ದಿಕ್ಕನ್ನು ಒಂದೇ ದಿನ ಕಲಸಿದರೆ ಹೆದ್ದಾರಿಯ ಡಾಬಾಗಳಷ್ಟೇ ನೆನಪಿನಲ್ಲಿ ಉಳಿಯುವುದು.

ಊರೊಳಗಿನದು ಶನಿವಾರ ಬೆಳಿಗ್ಗೆಯೇ ಮುಗಿಯಲಿ. ಅಶೋಕನ ಶಾಸನ ಕೊಪ್ಪಳದಲ್ಲಿ ಎರಡು ಕಡೆ ಇವೆ, ಗವಿಮಠದ ಗುಡ್ಡದಲ್ಲಿ ಒಂದು, ಪಾಲ್ಕಿಗುಂಡಿನಲ್ಲಿ ಒಂದು. ಎರಡೂ 1931ರಲ್ಲಿ ಬೆಳಕಿಗೆ ಬಂದವು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಗವಿಮಠದ್ದು ಚೆನ್ನಾಗಿ ಉಳಿದಿದೆ, ಪಾಲ್ಕಿಗುಂಡಿನದು ಬಹಳ ಸವೆದಿದೆ. ಪಾಲ್ಕಿಗುಂಡಿಗೆ ಬಂಡೆ ಹತ್ತಬೇಕು, ಅಜ್ಜಿಗೆ ಆಗುವುದಿಲ್ಲ. ಆದರೆ ಬಂಡೆಗಳ ಮೇಲೆ ಹೆಬ್ಬಂಡೆಯೊಂದು ಪಲ್ಲಕ್ಕಿಯಂತೆ ಕೂತಿರುವುದು ಕೆಳಗಿನಿಂದಲೇ ಕಾಣುತ್ತದೆ, ಅವರಿಗೆ ಅಷ್ಟು ಸಾಕು.

ಶಾಸನಕ್ಕೆ ಎಷ್ಟು ಹೊತ್ತಿಗೆ ಹೋಗುತ್ತೀರಿ ಅನ್ನುವುದು ಮುಖ್ಯ. ಅಕ್ಷರ ಆಳವಿಲ್ಲ. ಬೆಳಕು ಓರೆಯಾಗಿ ಬಿದ್ದರೆ ಮಾತ್ರ ಗೀರಿನೊಳಗೆ ನೆರಳು ನಿಂತು ಓದಲು ಬರುತ್ತದೆ. ಬಿಸಿಲು ನೆತ್ತಿಗೆ ಬಂದ ಮೇಲೆ ಹೋದರೆ ಬರೀ ಬಂಡೆ ಕಂಡೀತು. ಮೊಬೈಲ್ ಟಾರ್ಚನ್ನು ಕಲ್ಲಿಗೆ ತಾಗಿದಂತೆ ಪಕ್ಕದಿಂದ ಹಿಡಿದರೂ ಅಕ್ಷರ ಎದ್ದು ಬರುತ್ತವೆ. ಸೀಮೆಸುಣ್ಣ ತಿಕ್ಕುವುದು, ನೀರು ಸುರಿಯುವುದು ಬೇಡವೇ ಬೇಡ. "ಇದರಲ್ಲಿ ಅಶೋಕ ಅಂತ ಹೆಸರಿದೆಯಾ?" ಅಂತ ಕೇಳೇ ಕೇಳುತ್ತಾರೆ. ಇಲ್ಲ, ಇಲ್ಲಿ ದೇವಾನಾಂಪ್ರಿಯ ಅನ್ನುವ ಬಿರುದಷ್ಟೇ ಇದೆ. ಹೆಸರು ಮೊದಲು ಕಂಡದ್ದು 1915ರಲ್ಲಿ ಸಿಕ್ಕ ಮಸ್ಕಿ ಶಾಸನದಲ್ಲಿ. ಅದು ರಾಯಚೂರು ಜಿಲ್ಲೆ, ಈ ಎರಡು ದಿನದಲ್ಲಿ ಆಗುವುದಿಲ್ಲ. ಶಾಸನದವರಿಗೆ ಇನ್ನೊಂದು ಮಾತು ಹೇಳಿ: ಕವಿರಾಜಮಾರ್ಗ ಕನ್ನಡದ ತಿರುಳು ಎಂದು ಎಣಿಸುವ ನಾಲ್ಕು ಊರುಗಳಲ್ಲಿ ಕಿಸುವೊಳಲು, ಪುಲಿಗೆರೆ, ಒಂಕುಂದದ ಜೊತೆ "ಮಹಾಕೊಪಣನಗರ" ಇದೆ. ಅವರು ನಿಂತಿರುವುದು ಅದರ ಮೇಲೆಯೇ.

ಕೋಟೆಗೆ ಗಟ್ಟಿ ಕಾಲಿನವರು ಮಾತ್ರ ಹೋಗಲಿ. ಮೆಟ್ಟಿಲು ಕಡಿದು, ನೆರಳಿಲ್ಲ. ಟಿಪ್ಪು 1786ರಲ್ಲಿ ಹಿಡಿದು ಫ್ರೆಂಚ್ ಎಂಜಿನಿಯರುಗಳ ಕೈಲಿ ಭದ್ರಪಡಿಸಿದ ಕೋಟೆ ಇದು. 1858ರಲ್ಲಿ ಮುಂಡರಗಿ ಭೀಮರಾಯ ಬ್ರಿಟಿಷರೊಡನೆ ಕಾದಾಡಿ ಬಿದ್ದದ್ದೂ ಇಲ್ಲೇ. ತಲಾ ಒಂದು ಲೀಟರ್ ನೀರು ಇರಲಿ. ಅಷ್ಟು ಹೊತ್ತು ಅಜ್ಜಿ ಗವಿಮಠದ ಕೆರೆಯ ಕಡೆ ಆರಾಮಾಗಿ ಕೂರಲಿ.

ಎರಿ_ಹೊಲ:

ಮ್ಯಾಲಿನವರು ಹೇಳಿದ್ದು ಖರೆ. ಪಶ್ಚಿಮದ ದಿಕ್ಕಿಂದು ನಾ ಹೇಳ್ತೀನಿ.

ಗದಗ ಹೆದ್ದಾರಿ ಹಿಡೀರಿ, ಭಾನಾಪುರದಾಗ ಬಲಕ್ಕ ಹೊರಳ್ರಿ. ಮೊದಲ ಇಟಗಿ, ಆಮ್ಯಾಲ ಕುಕನೂರು. ತಿರುವು ಮುರುವು ಮಾಡಬ್ಯಾಡ್ರಿ. ಇಟಗಿ ಗುಡಿ ಪೂರ್ವಕ್ಕ ಮುಖ ಮಾಡೇತಿ, ಮಧ್ಯಾಹ್ನದ ಒಳಗ ಹೋದ್ರ ಮುಂದಿನ ತೆರೆದ ಮಂಟಪದಾಗ ಬೆಳಕು ಚಲೋ ಇರ್ತದ. ಕಂಬಗಳನ್ನ ತಿರುಗಣಿಗೆ ಹಾಕಿ ತೀಡ್ಯಾರ, ಬಳಪದ ಕಲ್ಲು. ಒಂದೊಂದು ಎಷ್ಟು ನುಣುಪ ಅದಾವಂದ್ರ ಹುಡುಗ್ರು ಮಾರಿ ನೋಡ್ಕೋತಾವ. ಕಟ್ಟಿಸಿದಾತ ಮಹಾದೇವ, ಆರನೇ ವಿಕ್ರಮಾದಿತ್ಯನ ದಂಡನಾಯಕ, ವರ್ಷ 1112. ಅಲ್ಲಿನ ಶಾಸನದಾಗನ "ದೇವಾಲಯ ಚಕ್ರವರ್ತಿ" ಅಂತ ಬರೆದಾರ. ಮಂದಿ ದೊಡ್ಡ ಗುಡಿ ನೋಡಿ ಹೊಳ್ಳಿ ಬಂದುಬಿಡ್ತಾರ. ಬಾಜೂಕ ತಂದಿ ಹೆಸರಿಲೆ ಮೂರ್ತಿನಾರಾಯಣ ಗುಡಿ, ತಾಯಿ ಹೆಸರಿಲೆ ಚಂದ್ರಲೇಶ್ವರಿ ಗುಡಿ ಕಟ್ಟಿಸ್ಯಾನ, ಅವನ್ನೂ ತೋರಿಸ್ರಿ. ಮುಂದಿನ ಪುಷ್ಕರಣಿ ಮೆಟ್ಟಿಲ ಮ್ಯಾಲ ಹುಡುಗ್ರನ್ನ ಬಿಡಬ್ಯಾಡ್ರಿ, ಪಾಚಿ ಇದ್ದಲ್ಲಿ ಕಾಲು ನಿಲ್ಲಂಗಿಲ್ಲ.

ಸಾಕ್ಸ್ ತಗೊಂಡು ಬರ್ರಿ ಅಂತ ಬೀಗರಿಗೆ ಮೊದಲ ಹೇಳಿಬಿಡ್ರಿ. ಹನ್ನೊಂದರ ಮ್ಯಾಲ ಡಿಸೆಂಬರ್‌ದಾಗೂ ಅಂಗಳದ ಕಲ್ಲು ಚುರ್ರ್ ಅಂತಾವ. ಅರ್ಧ ಮಂದಿ ಅದಕ್ಕಾಗೆ ಗುಡಿ ಸುತ್ತು ಹಾಕದನ ವಾಪಸ್ ಬರೋದು.

ಇಟಗಿಗೆ ಒಂದೂವರಿ ತಾಸು, ಕುಕನೂರಿಗೆ ಮುಕ್ಕಾಲು ತಾಸು ಇಡ್ರಿ. ಕುಕನೂರಾಗ ನವಲಿಂಗ ಗುಡಿ ರಾಷ್ಟ್ರಕೂಟರ ಕಾಲದ್ದು, ಹೆಸರಿನಂಗ ಒಂಬತ್ತು ಗರ್ಭಗುಡಿ. ಅಲ್ಲೇ ಮಹಾಮಾಯಿ ಗುಡಿ, ಅಜ್ಜಿಗೆ ಅದು ಮನಸಿಗೆ ಬರ್ತದ. ಎರಡೂ ಊರಾಗ ನೆಲ ಸಪಾಟ, ಗುಡ್ಡ ಹತ್ತೋ ಮಾತ ಇಲ್ಲ.

ಇಟಗಿಯಾಗ ಊಟದ ಭರವಸಿ ಇಟ್ಕೋಬ್ಯಾಡ್ರಿ. ಕುಕನೂರಾಗ ಖಾನಾವಳಿ ಸಿಗ್ತಾವ. ಇಲ್ಲಾಂದ್ರ ಮನಿಯಿಂದ ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಮೊಸರು ಕಟ್ಕೊಂಡು ಹೋಗ್ರಿ. ಮೆತ್ತನ ರೊಟ್ಟಿ ಡಬ್ಬಿಯಾಗ ಬೆವತು ಅಂಟ್ತಾವ, ಅದಕ್ಕ ಕಟಕ ರೊಟ್ಟಿನ ಆಗಬೇಕು. ದಾರ್‍ಯಾಗ ಕಡ್ಲಿ ಹೊಲ ಕಂಡ್ರ ನಿಲ್ಲಿಸಿ ತೋರಿಸ್ರಿ, ಹೊಲದವರನ್ನ ಕೇಳದ ಒಳಗ ಇಳೀಬ್ಯಾಡ್ರಿ. ಸೀತನಿ (ಸುಟ್ಟ ಹಸಿ ಜೋಳದ ತೆನಿ) ಕೇಳಿದ್ರ ಜನವರಿಗೆ ಬರ್ರಿ ಅನ್ರಿ, ಈಗ ಇನ್ನೂ ತೆನಿ ಎಳೇವು.

ಹೊಳಿದಂಡಿ:

ರವಿವಾರದ ಪೂರ್ವದಿಕ್ಕಿನ ಬಗ್ಗೆ. ಅಂಜನಾದ್ರಿಯನ್ನು ಪೂರ್ತಿ ಕೈಬಿಡುವುದಕ್ಕೆ ನನ್ನ ಒಪ್ಪಿಗೆ ಇಲ್ಲ, ಹುಡುಗರಿಗೆ ಅದೇ ಖುಷಿ. ಆದರೆ ಸೂರ್ಯ ಹುಟ್ಟುವ ಹೊತ್ತಿಗೆ ಬುಡದಲ್ಲಿರಬೇಕು. ಕೊಪ್ಪಳದಿಂದ ಐದಕ್ಕೇ ಬಿಡಿ. ಅಜ್ಜಿ ಅವತ್ತು ಮನೆಯಲ್ಲಿ ನಿದ್ದೆ ಮಾಡಲಿ, ಇಲ್ಲವೇ ಅವರ ಜೊತೆ ಒಬ್ಬರು ಕೆಳಗೆ ಉಳಿಯಲಿ. ಮಂಗಗಳ ಕಾಟ ವಿಪರೀತ. ಪ್ಲಾಸ್ಟಿಕ್ ಚೀಲ ಸರಪರ ಅಂದರೆ ಸಾಕು, ತಿನ್ನೋದು ಅಂತ ಕಿತ್ತುಕೊಳ್ಳುತ್ತವೆ. ಬಾಳೆಹಣ್ಣು, ಕಾಯಿ ಎಲ್ಲ ಜಿಪ್ ಇರುವ ಬೆನ್ನುಚೀಲದೊಳಗೆ ಹೋಗಲಿ. ಕನ್ನಡಕದವರು ದಾರ ಕಟ್ಟಿಕೊಳ್ಳಲಿ.

ತಾರೀಕು ಮೊದಲು ನೋಡಿ! ಮಾರ್ಗಶಿರ ಶುದ್ಧ ತ್ರಯೋದಶಿ, ಅಂದರೆ ಹನುಮದ್‌ವ್ರತ, ಸಾಮಾನ್ಯವಾಗಿ ಡಿಸೆಂಬರಿನಲ್ಲೇ ಬರುತ್ತದೆ. ಆಗ ಹನುಮಮಾಲೆ ವಿಸರ್ಜನೆಗೆ ಮಾಲಾಧಾರಿಗಳು ಬೇರೆ ಬೇರೆ ಜಿಲ್ಲೆಗಳಿಂದ ಬರುತ್ತಾರೆ, ವಾಹನಗಳನ್ನು ದೂರದಲ್ಲೇ ತಡೆಯುತ್ತಾರೆ. ಅದಕ್ಕೆ ತಾಗಿದ ಶನಿವಾರ-ರವಿವಾರ ಆದರೆ ಅಂಜನಾದ್ರಿ ಇರುವ ಆನೆಗೊಂದಿ ಕಡೆ ತಲೆಹಾಕಬೇಡಿ.

ಹಾಗಾದರೆ ಬದಲಿಗೆ ಕನಕಗಿರಿ. ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು ಅಂತಾರಲ್ಲ, ನಿಮ್ಮ ಅಜ್ಜಿಗೆ ಹೇಳಿ ಮಾಡಿಸಿದ ಗಾದೆ. ಕನಕಾಚಲಪತಿ ಗುಡಿ ಊರೊಳಗೇ ಇದೆ, ಗಾಡಿ ಹತ್ತಿರದವರೆಗೂ ಹೋಗುತ್ತದೆ. ಗುಡಿಯ ಗಾರೆಯ ಬೊಂಬೆಗಳನ್ನು ನಿಧಾನಕ್ಕೆ ನೋಡಬೇಕು. ಆಮೇಲೆ ವೆಂಕಟಪತಿ ಬಾವಿ.

ಇತಿಹಾಸದವರು ಹಿರೇಬೆಣಕಲ್ ಅಂತ ಹಟ ಹಿಡಿದರೆ ಅದಕ್ಕೆ ಅರ್ಧ ದಿನವೇ ಬೇಕು, ಹುಡುಗರನ್ನೂ ಅಜ್ಜಿಯನ್ನೂ ಬಿಟ್ಟು. ಗಂಗಾವತಿಗೆ ಸುಮಾರು 10 ಕಿ.ಮೀ. ಪಶ್ಚಿಮಕ್ಕೆ. ಊರಿನಿಂದ ಗುಡ್ಡ ಹತ್ತಿ ಹೋಗುವುದಕ್ಕೇ ತಾಸಿನ ಮೇಲಾಗುತ್ತದೆ. ದಾರಿ ಬಲ್ಲ ಊರಿನವರು ಒಬ್ಬರು ಜೊತೆಗಿಲ್ಲದೆ ಹೋಗಬೇಡಿ, ಕವಲು ದಾರಿಗಳಲ್ಲಿ ತಪ್ಪುವುದು ಸುಲಭ. ಕರಡಿ, ಚಿರತೆ ಓಡಾಡುವ ಸೀಮೆ, ಹೊತ್ತು ಇರುವಾಗಲೇ ಇಳಿದುಬಿಡಬೇಕು. ಮೇಲೆ ಮೋರ್ಯರ ಮನೆಗಳು, ಅಂದರೆ ಹಳೆಯ ಕಾಲದ ಕಲ್ಲಿನ ಗೋರಿಗಳು: ಮೂರು ಕಡೆ ನಿಲ್ಲಿಸಿದ ಚಪ್ಪಡಿ, ಮುಂದಿನ ಚಪ್ಪಡಿಯಲ್ಲಿ ದುಂಡನೆ ಕಿಂಡಿ, ಮೇಲೊಂದು ಮುಚ್ಚಳದ ಕಲ್ಲು. ಕಬ್ಬಿಣ ಯುಗದವು, ನೂರಾರು ಇವೆ. ಬಂಡೆಯ ಮೇಲೆ ಅರ್ಧಗೋಳದಂಥ ಕಲ್ಲೊಂದಿದೆ, ಬಡಿದರೆ ನಗಾರಿಯ ಸದ್ದು ಬರುತ್ತದೆ. ಚಪ್ಪಡಿಗಳ ಮೇಲೆ ಹತ್ತಿ ಫೋಟೋ ತೆಗೆಸಿಕೊಳ್ಳುವವರನ್ನು ಇಳಿಸಿ. ಬಿರುಕು ಬಿಟ್ಟವು ಬೇಕಾದಷ್ಟಿವೆ.

ಕತ್ತಲಾದ ಮೇಲೆ ಗಂಗಾವತಿ ಕಡೆಯಿಂದ ಬರುವವರು ಹುಷಾರು. ಸುಗ್ಗಿಯ ಕಾಲ, ಡಾಂಬರಿನ ಮೇಲೆ ಭತ್ತ ಒಣ ಹಾಕಿ ಅಂಚಿಗೆ ಕಲ್ಲು ಇಟ್ಟಿರುತ್ತಾರೆ. ಬೆಳಿಗ್ಗೆ ಅದೇ ನೋಡಲು ಚೆಂದ, ರಾತ್ರಿ ಅದೇ ಕಲ್ಲು ಟೈರಿಗೆ.

ಭಾಗ್ಯನಗರ_ಗೇಟ್:

ಎಲ್ಲಾರೂ ಗುಡಿ ಗುಡ್ಡ ಹೇಳಿದ್ರಿ, ದಿನಾ ನೋಡೋದು ಏನೈತಿ ಅಂತ ಕೇಳಿದ್ದಕ್ಕ ಉತ್ತರ ಬರಲೇ ಇಲ್ಲ.

ಮುಂಜಾನಿ ನಾಷ್ಟಾ ಒಗ್ಗರಣಿ-ಮಿರ್ಚಿ. ಮೈಸೂರಿನವರು ಒಗ್ಗರಣಿ ಅಂದ್ರ ಸಾಸಿವಿ-ಕರಿಬೇವು ಅಂದ್ಕೋತಾರ. ಅಂಗಡಿ ಮುಂದ ನಿಂತು ಮಾಡೋದನ್ನ ತೋರಿಸ್ರಿ: ಮಂಡಾಳ (ಮಂಡಕ್ಕಿ) ನೀರಿಗೆ ಹಾಕಿ ಕೂಡ್ಲೆ ಎತ್ತಿ ಹಿಂಡೋದು, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಅರಿಶಿಣದ ಒಗ್ಗರಣಿಗೆ ಹಾಕಿ ಕೈಯಾಡಿಸೋದು, ಮ್ಯಾಲ ಪುಟಾಣಿ ಹಿಟ್ಟು ಉದುರಿಸೋದು. ಎರಡು ನಿಮಿಷ ನೀರಾಗ ಉಳಿದ್ರ ಮುದ್ದಿ ಆಗ್ತದ. ಹಿಟ್ಟು ಹಾಕೋದು ಉಳಿದ ನೀರು ಹೀರಲಿ ಅಂತನ. ಎಂಟೂವರಿ ಒಳಗ ಹೋಗ್ರಿ, ತಡ ಆದ್ರ ಮಿರ್ಚಿ ತಣ್ಣಗಾಗಿ ಎಣ್ಣಿ ಬಿಟ್ಟಿರ್ತಾವ. ಹುಡುಗ್ರಿಗೆ ಮಿರ್ಚಿ ಸೀಳಿ ಬೀಜ ತೆಗೆದು ಕೊಡ್ರಿ.

ಆಮ್ಯಾಲ ರೈಲ್ವೆ ಹಳಿ ದಾಟಿ ಭಾಗ್ಯನಗರ. ಇಲ್ಲೆ ನೇಕಾರಿಕಿ ಐತಿ, ಅದಕ್ಕಿಂತ ಮಂದಿಗೆ ಆಶ್ಚರ್ಯ ಆಗೋದು ಕೂದಲದ ಕೆಲಸ. ಬಾಚಿದಾಗ ಉದುರಿದ ಕೂದಲ ಉಂಡಿ ಕಟ್ಟಿ ಮೂಟಿ ಮೂಟಿ ಬರ್ತದ. ಸಿಕ್ಕು ಬಿಡಿಸೋದು, ಮೊಳಿ ಹಲಗಿಯಾಗ ಎಳೆದು ಹಣೀಸೋದು, ಉದ್ದ ನೋಡಿ ಬ್ಯಾರೆ ಬ್ಯಾರೆ ಕಟ್ಟು ಕಟ್ಟೋದು. ಅದು ಆಮ್ಯಾಲ ವಿಗ್ಗಿಗೆ ಹೋಗ್ತದ. ಬಿಡಿಸೋರು ಬಹಳ ಮಂದಿ ಹೆಣಮಕ್ಕಳು, ಕೇಳದ ಫೋಟೋ ಹೊಡೀಬ್ಯಾಡ್ರಿ. ರವಿವಾರ ಕೆಲಸ ಕಡಿಮಿ, ಶನಿವಾರನ ಮುಗಿಸ್ರಿ.

ಕಟಿಗಿ ಗೊಂಬಿ ಮಾಡೋ ಕಿನ್ನಾಳನೂ ಶನಿವಾರಕ್ಕ ತರಬಹುದು, ಇಟಗಿಯಿಂದ ಹೊಳ್ಳಿ ಬಂದ ಮ್ಯಾಲ ಸಂಜಿ ನಾಲ್ಕಕ್ಕ. ಅಂಗಡಿ ಹುಡುಕಬ್ಯಾಡ್ರಿ, ಚಿತ್ರಗಾರರು ಮನಿಯಾಗ ಕೆಲಸ ಮಾಡ್ತಾರ, ಒಂದು ದಿನ ಮೊದಲ ಫೋನ್ ಮಾಡಿ ಹೋದ್ರ ಚಲೋ. ತಯಾರಾದ ಗೊಂಬಿ ನೋಡೋದಕ್ಕಿಂತ ಅರೆ ಆದದ್ದು ತೋರಿಸ್ರಿ ಅಂತ ಕೇಳ್ರಿ. ಕಟಿಗಿ ಬಾಳ ಹಗೂರ. ಕೈ, ಕಾಲು, ತಲಿ ಬ್ಯಾರೆ ಬ್ಯಾರೆ ಕೆತ್ತಿ ಕೂಡಸ್ತಾರ. ಗೋಣಿನಾರಿನ ಪುಡಿ, ಕಟಿಗಿ ಹೊಟ್ಟು, ಹುಣಸಿಬೀಜದ ಅಂಟು ಕಲಿಸಿ ಮಾಡಿದ್ದಕ್ಕ ಕಿಟ್ಟ ಅಂತಾರ, ಕೂಡಸೋದು ಅದರಿಂದನ. ಮ್ಯಾಲ ಅರಿವಿ ತುಂಡು ಅಂಟಿಸಿ, ಬಿಳಿ ಬಳದು, ಒಣಗಿದ ಮ್ಯಾಲ ಬಣ್ಣ. ಪ್ರತಿ ಪದರ ಪೂರ್ತಿ ಒಣಗಬೇಕು, ಅವಸರ ಮಾಡಿದ್ರ ಬಣ್ಣ ಸೀಳು ಬಿಡ್ತದ. "ಈಗ ಹೇಳ್ತೀನಿ, ನಾಳೆ ಕೊಡ್ರಿ" ಅಂದ್ರ ಆಗೋ ಮಾತಲ್ಲ. ತಗೊಂಡ ಗೊಂಬಿನ ಒದ್ದಿ ಅರಿವಿಲೆ ಒರಸಬ್ಯಾಡ್ರಿ ಅಂತ ಬೀಗರಿಗೂ ಹೇಳ್ರಿ.

ಕೋಟೆ_ಓಣಿ:

ಬಾಳ ಉಪಕಾರ ಆತ್ರಿ ಎಲ್ಲಾರಿಗೂ. ಹಂಗಾದ್ರ ಶನಿವಾರ ಒಗ್ಗರಣಿ, ಗವಿಮಠ-ಶಾಸನ, ಭಾಗ್ಯನಗರ, ಇಟಗಿ-ಕುಕನೂರು, ಸಂಜಿ ಕಿನ್ನಾಳ. ರವಿವಾರ ನಸುಕಿನಾಗ ಅಂಜನಾದ್ರಿ, ಇಲ್ಲಾ ಕನಕಗಿರಿ. ಕೋಟೆ ಎಲ್ಲಿ ಸೇರಿಸ್ಲಿ? ಅಜ್ಜಿ ಹುಲಿಗೆಮ್ಮನ ದರ್ಶನ ಆಗಲೇಬೇಕು ಅಂತಾರ.

ಕೊಪಣಗಿರಿ:

ಶನಿವಾರ ತುಂಬಿ ತುಳುಕುತ್ತಿದೆ. ಕೋಟೆ ಸೇರಿಸಿದರೆ ಇಟಗಿಗೆ ಮುಟ್ಟುವಾಗ ಮಧ್ಯಾಹ್ನ ಎರಡಾಗುತ್ತದೆ. ಕೋಟೆ ಬಿಡಿ, ಕೆಳಗಿನಿಂದ ತೋರಿಸಿ. ಶಾಸನವನ್ನು ಒಗ್ಗರಣೆಗಿಂತ ಮೊದಲೇ, ಏಳಕ್ಕೆ ಮುಗಿಸಿ. ಭಾಗ್ಯನಗರದಿಂದ ಹತ್ತಕ್ಕೆ ಹೊರಟರೆ ಇಟಗಿಯ ಬೆಳಕು ಸಿಗುತ್ತದೆ.

ಹೊಳಿದಂಡಿ:

ಹುಲಿಗಿಗೆ ಮಂಗಳವಾರ, ಶುಕ್ರವಾರ, ಹುಣ್ಣಿಮೆ ಜನ ಜಾಸ್ತಿ. ನಿಮ್ಮದು ರವಿವಾರ, ರಜೆಯ ಗದ್ದಲ ಇದ್ದೇ ಇರುತ್ತದೆ, ಆದರೂ ಅಷ್ಟಲ್ಲ. ಪೂರ್ವದಿಂದ ವಾಪಸ್ ಬರುವಾಗ ಮುನಿರಾಬಾದ್ ಕಡೆ ತಿರುಗಿದರೆ ಸಿಗುತ್ತದೆ, ಅಜ್ಜಿಗೆ ಮೆಟ್ಟಿಲ ಕಷ್ಟವೂ ಇಲ್ಲ. ಆದರೆ ಹನುಮದ್‌ವ್ರತ ತ್ರಯೋದಶಿ, ಅದಾದ ಎರಡೇ ದಿನಕ್ಕೆ ಹುಣ್ಣಿಮೆ. ನಿಮ್ಮ ರವಿವಾರ ಆ ನಡುವೆ ಬಿದ್ದರೆ ಅಂಜನಾದ್ರಿ, ಹುಲಿಗಿ ಎರಡೂ ಕೈಕೊಡುತ್ತವೆ. ಪಂಚಾಂಗ ನೋಡಿ ಬೀಗರಿಗೆ ಒಂದು ವಾರ ಹಿಂದೆ ಮುಂದೆ ಬರಲು ಈಗಲೇ ಹೇಳಿ, ಟಿಕೆಟ್ ಮಾಡಿಸುವ ಮೊದಲು.