ಸ್ವೀಡನ್ನಿನ ‘ಮನ್‌ತಾಲ್’ಗೆ ‘ಒಕ್ಕಲು’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ. ಸ್ವೀಡನ್ನಿನ ಹಳೇ ಕಂದಾಯದ ಲೆಕ್ಕದಲ್ಲಿ ಬರುವ ‘ಮನ್‌ತಾಲ್’ ಅನ್ನುವ ಪದ ಹದಿನೈದು ದಿನದಿಂದ ಕಾಡುತ್ತಿದೆ, ನಿಮ್ಮ ನೆರವು ಬೇಕು.

ನನ್ನ ಸೊಸೆ ಸ್ವೀಡನ್ನಿನವಳು, ಸ್ಮೋಲಂಡ್ ಕಡೆಯ ರೈತರ ಮನೆತನ. ಮೊಮ್ಮಗಳಿಗಾಗಿ ಆ ಕಡೆಯ ವಂಶಾವಳಿಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅಲ್ಲಿ ಹುಟ್ಟು, ಮದುವೆ, ಸಾವು ಬರೆದಿಟ್ಟ ಚರ್ಚಿನ ಪುಸ್ತಕಗಳು ತುಂಬಾ ಚೆನ್ನಾಗಿವೆ. ಆದರೆ ಎಷ್ಟೋ ಊರುಗಳಲ್ಲಿ ಅವು ಶುರುವಾಗುವುದೇ 1686ರ ಚರ್ಚ್ ಕಾನೂನು ಬಂದ ಮೇಲೆ. ಅದಕ್ಕೂ ಹಿಂದಕ್ಕೆ ಹೋಗಬೇಕಾದರೆ ಕಂದಾಯದ ಲೆಕ್ಕವೇ ಗತಿ. ಪುಣ್ಯಕ್ಕೆ ಅಲ್ಲಿನ ರಾಷ್ಟ್ರೀಯ ಪತ್ರಾಗಾರ 2018ರಿಂದ ಸ್ಕ್ಯಾನ್ ಮಾಡಿದ ಪುಟಗಳನ್ನು ಯಾರು ಬೇಕಾದರೂ ಪುಕ್ಕಟೆ ನೋಡಲು ಬಿಟ್ಟಿದೆ.

ನಾನು ಜಾಸ್ತಿ ನೋಡುತ್ತಿರುವುದು ‘ಮನ್‌ತಾಲ್ಸ್‌ಲೆಂಗ್ಡ್’. ‘ಮನ್’ ಅಂದರೆ ಆಳು, ‘ತಾಲ್’ ಅಂದರೆ ಎಣಿಕೆ, ‘ಲೆಂಗ್ಡ್’ ಅಂದರೆ ಪಟ್ಟಿ. 1620ರ ದಶಕದಲ್ಲಿ ಹಿಟ್ಟಿನ ಗಿರಣಿಗೆ ಹಾಕಿದ ಸುಂಕ ಆಮೇಲೆ ತಲೆಗೆ ಇಷ್ಟು ಅಂತಾಯಿತು, ಅದರ ಲೆಕ್ಕ ಇದು. ಹಾಗಾಗಿ ‘ತಲೆಗಂದಾಯದ ಪಟ್ಟಿ’ ಅಂತ ಬರೆದುಕೊಂಡೆ. ಇಲ್ಲಿಯವರೆಗೆ ತೊಂದರೆಯಿಲ್ಲ.

ಪುಟ ತೆರೆದರೆ ಎಡಗಡೆ ಹೊಲಮನೆಯ ಹೆಸರು, ಪಕ್ಕದಲ್ಲಿ ಯಜಮಾನನ ಹೆಸರು. ಅದರ ಮುಂದೆ ಹೆಂಡತಿಗೆ ಎಷ್ಟೋ ಸಲ ಹೆಸರೇ ಇಲ್ಲ. ‘ಹುಸ್ತ್ರು’, ಅಂದರೆ ಹೆಂಡತಿ, ಅನ್ನುವುದರ ಮೊದಲಕ್ಷರ, ಇಲ್ಲವೇ ಬರೀ ಒಂದು ಗೀಟು. ಹದಿನೈದು ತುಂಬದ ಮಕ್ಕಳಿಗೆ ಕಂದಾಯ ಇಲ್ಲ, ಅವರು ಪಟ್ಟಿಯಲ್ಲೂ ಇಲ್ಲ. ವಯಸ್ಸಾದವರನ್ನೂ ತೀರಾ ಬಡವರನ್ನೂ ಕೈಬಿಡುತ್ತಿದ್ದರು. ಹೆಸರು ಕಾಣದಿದ್ದರೆ ತೀರಿಕೊಂಡರು ಅಂತ ಅಂದುಕೊಳ್ಳಬಾರದು. ನನ್ನ ಮೊಮ್ಮಗಳ ಎಷ್ಟೋ ತಲೆಮಾರು ಹಿಂದಿನ ಅಜ್ಜಿಯರಲ್ಲಿ ಒಬ್ಬಳು ಆ ಗೀಟಾಗಿ ಹನ್ನೊಂದು ವರ್ಷ ಸಿಕ್ಕಳು. ನನಗೆ ಆ ಗೀಟನ್ನು ದಾಟಿ ಮುಂದೆ ಹೋಗಲು ಮನಸ್ಸೇ ಬರಲಿಲ್ಲ.

ತೊಡಕು ಇರುವುದು ಬರೀ ‘ಮನ್‌ತಾಲ್’ ಅನ್ನುವುದರಲ್ಲಿ. ಅದೇ ಪದ ಜಮೀನಿನ ಅಳತೆಯೂ ಹೌದು. ಎಕರೆ ಲೆಕ್ಕವಲ್ಲ, ಕಂದಾಯ ಹೊರುವ ಶಕ್ತಿಯ ಲೆಕ್ಕ. ಒಂದು ಸಂಸಾರ ಸಾಕಿ ಪೂರ್ತಿ ಕಂದಾಯ ಕಟ್ಟಬಲ್ಲ ಹೊಲಮನೆ ಒಂದು ಮನ್‌ತಾಲ್. ಪಾಲಾಗುತ್ತಾ ಹೋದಂತೆ ಅರ್ಧ, ಕಾಲು, ಎಂಟನೇ ಒಂದು.

ನನಗೆ ಹೊಳೆದದ್ದು ‘ಒಕ್ಕಲು’. ‘ನಲವತ್ತು ಒಕ್ಕಲಿನ ಊರು’ ಅನ್ನುತ್ತೇವೆ, ಅಲ್ವಾ? ಅಲ್ಲಿ ಮನೆಯ ಎಣಿಕೆಯೂ ಇದೆ, ಉಳುವ ಸಂಸಾರವೂ ಇದೆ. ಆದರೆ ‘ಕಾಲು ಒಕ್ಕಲು’ ಅಂದರೆ ಕಿವಿಗೆ ಒಗ್ಗುವುದಿಲ್ಲ. ಅರೆಕಾಲು, ವೀಸ ಇವು ಪಾಲು ಹೇಳಲು ಬರುತ್ತವೆ, ಆದರೆ ಯಾವುದರ ವೀಸ ಅಂತ ಹೇಳಲು ಪದ ಬೇಕಲ್ಲ.

ಇನ್ನೊಂದು ಪದ ‘ಓದೆ’. ನಿಘಂಟಿನಲ್ಲಿ ಪಾಳು ಅಂತ ಅರ್ಥ. ನಾನೂ ‘ಹಾಳುಬಿದ್ದ ಮನೆ’ ಅಂತಲೇ ಬರೆದಿದ್ದೆ. ಮುಂದಿನ ವರ್ಷದ ಪುಟದಲ್ಲಿ ಅದೇ ಮನೆ, ಅದೇ ಯಜಮಾನ! ಸೊಸೆಯನ್ನು ಕೇಳಿದೆ. ‘ಜನ ಎಲ್ಲೂ ಹೋಗಿರಲಿಲ್ಲ ಅತ್ತೆ, ಕಂದಾಯ ಕಟ್ಟಲು ಆಗಿರಲಿಲ್ಲ ಅಷ್ಟೆ’ ಅಂದಳು. ಈಗ ‘ಕಂದಾಯ ನಿಂತ ಮನೆ’ ಅಂತ ತಿದ್ದಿದ್ದೇನೆ. ಶ್ರೀಮಂತರ ಕಂದಾಯವಿಲ್ಲದ ಜಮೀನಿಗೆ ‘ಫ್ರೆಲ್ಸೆ’ ಅನ್ನುತ್ತಾರೆ, ಅದಕ್ಕೆ ‘ಉಂಬಳಿ’ ಹಾಕಿದ್ದೇನೆ. ಪೂರ್ತಿ ಒಂದೇ ಅಲ್ಲ, ಆದರೆ ಓದುವವರಿಗೆ ತಿಳಿಯುತ್ತದೆ.

ಶಾನುಭೋಗರ ಹಳೇ ಕಡತ ನೋಡಿದವರು ನಿಮ್ಮಲ್ಲಿ ಇದ್ದಾರೆ. ಕಂದಾಯ ಹೊರುವ ಒಂದು ಇಡೀ ಪಾಲಿಗೆ, ಅದನ್ನು ಕಾಲು, ವೀಸ ಅಂತ ಒಡೆಯಲೂ ಬರುವಂಥ ಪದ ನಿಮ್ಮ ಸೀಮೆಯಲ್ಲಿ ಏನಾದರೂ ಇತ್ತೇ? ಊರಿನ ಹೆಸರಿನ ಜೊತೆ ತಿಳಿಸಿದರೆ ಇನ್ನೂ ಒಳ್ಳೆಯದು.