ಲಾಕೌಟ್ ವರ್ಷದಲ್ಲಿ ಫ್ಯಾಂಟಸಿ ಲೀಗ್: ಅಭಿಮಾನಿ ಯಾರ ಪರ ನಿಲ್ಲಬೇಕು?

ಪ್ರಶ್ನೆ: 2011ರ ಮಾರ್ಚ್‌ನಿಂದ ಜುಲೈವರೆಗೆ ಅಮೆರಿಕನ್ ಫುಟ್‌ಬಾಲ್‌ನ ಎನ್‌ಎಫ್‌ಎಲ್ ಲೀಗ್‌ನ ತಂಡಗಳ ಮಾಲೀಕರು ಆಟಗಾರರಿಗೆ ಬಾಗಿಲು ಮುಚ್ಚಿದ್ದಾಗ (ಲಾಕೌಟ್) ಹೊಸ ಒಪ್ಪಂದಗಳೆಲ್ಲ ನಿಂತಿದ್ದರಿಂದ, ಯಾವ ಆಟಗಾರ ಯಾವ ತಂಡಕ್ಕೆ ಹೋಗುತ್ತಾನೆಂಬುದು ತಿಳಿಯದೆ ನನ್ನ ಫ್ಯಾಂಟಸಿ ಪಟ್ಟಿಯ (ನಿಜವಾದ ಆಟಗಾರರನ್ನು ಆಯ್ದು, ಅವರ ಆಟದಿಂದ ಅಂಕ ಎಣಿಸುವ ಸ್ಪರ್ಧೆಯ ಪಟ್ಟಿ) ಅರ್ಧ ಹೆಸರುಗಳ ಮುಂದೆ ಪೆನ್ಸಿಲಿನ ಪ್ರಶ್ನಾರ್ಥಕ ಚಿಹ್ನೆಗಳೇ ಇದ್ದವು. ಇಂಥ ಜಗಳದಲ್ಲಿ ನಾವು ಯಾರ ಪರ?

ಉತ್ತರ 1: ನನ್ನ ನಿಷ್ಠೆ ಪಂದ್ಯಗಳ ಋತುವಿಗೆ. 1982ರಲ್ಲಿ ಆಟಗಾರರು 57 ದಿನ ಮುಷ್ಕರ ಹೂಡಿದ್ದರಿಂದ ಪ್ರತಿ ತಂಡದ ಹದಿನಾರು ಪಂದ್ಯಗಳು ಒಂಬತ್ತಕ್ಕೆ ಇಳಿದವು. ಆ ನಷ್ಟವನ್ನು ಅಭಿಮಾನಿಗೆ ಯಾರೂ ತುಂಬಿಕೊಡಲಿಲ್ಲ.

ಉತ್ತರ 2: ಗೌರವದಿಂದಲೇ ಒಪ್ಪಲಾರೆ. 2011ರಲ್ಲಿ ಕೆಲಸ ನಿಲ್ಲಿಸಿದವರು ಆಟಗಾರರಲ್ಲ, ಮಾಲೀಕರು. ವರ್ಷಕ್ಕೆ ಸುಮಾರು 900 ಕೋಟಿ ಡಾಲರ್ ಆದಾಯದಲ್ಲಿ ಹೆಚ್ಚಿನ ಪಾಲನ್ನೂ ಹದಿನೆಂಟು ಪಂದ್ಯಗಳ ಋತುವನ್ನೂ ಕೇಳಿದವರು ಅವರೇ. ನಾವು ಎಣಿಸುವ ಪ್ರತಿ ಅಂಕವೂ ಚೆಂಡು ಹಿಡಿದು ಓಡುವ ಒಬ್ಬ ರನ್ನಿಂಗ್ ಬ್ಯಾಕ್‌ನ ಮೊಣಕಾಲಿನಿಂದ ಬರುತ್ತದೆ.

ಉತ್ತರ 3: 1987ರ ಮುಷ್ಕರದಲ್ಲಿ ಮೂರು ವಾರ ಬದಲಿ ಆಟಗಾರರನ್ನು ಇಳಿಸಿದರು, ಆ ಫಲಿತಾಂಶಗಳನ್ನೂ ಅಂಕಪಟ್ಟಿಗೆ ಸೇರಿಸಿದರು. ಜರ್ಸಿ ಅದೇ ಇದ್ದರೂ ನಾವು ಆರಿಸಿಕೊಂಡ ಮನುಷ್ಯ ಅದರೊಳಗೆ ಇರಲಿಲ್ಲ. ಫ್ಯಾಂಟಸಿಯಲ್ಲಿ ನಾವು ಆಯುವುದು ಆಟಗಾರನನ್ನು, ಮಾಲೀಕನನ್ನಲ್ಲ. ಆದ್ದರಿಂದ ನಾನು ಆಟಗಾರರ ಪರ.