ಒಡೆಯದ ಊರು ಯಾವುದು?

ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಗೆ ಕೂತಿದ್ದೆವು. ನಾನು ತುಮಕೂರಿನವನು, ರಾಜ ಕೋಲಾರದವನು, ನಾಗ ಚಿಕ್ಕಬಳ್ಳಾಪುರದವನು. ಜೊತೆಗೆ ನಮ್ಮ ಮೇಷ್ಟ್ರು. ರಿಟೈರ್ ಆಗಿ ವರ್ಷಗಳಾದರೂ ಲೆಕ್ಕದ ಚಟ ಬಿಟ್ಟಿಲ್ಲ.

ಜಗಳ ಶುರುವಾಗಿದ್ದು ಒಂದು ಕೊರಿಯರ್ ಕವರಿನಿಂದ. "ನಮ್ಮೂರ ಪಿನ್ ಕೋಡ್ ನೋಡ್ರೋ, 572101. ಯಾವುದರಿಂದಲೂ ಭಾಗ ಹೋಗದ ಗಟ್ಟಿ ಆಸಾಮಿ ಥರ ಇದೆ," ಅಂದೆ. ಸುಮ್ನೆ ಅಂದಿದ್ದು. ರಾಜ ಬಾಜಿ ಕಟ್ಟಿಯೇ ಬಿಟ್ಟ. ಯಾರ ಊರಿನ ನಂಬರ್ ಒಡೆಯುತ್ತೋ ಅವರು ಬಿಲ್ ಕೊಡಬೇಕು. ಫೋನ್ ಮುಟ್ಟೋ ಹಾಗಿಲ್ಲ.

ಮೊದಲು ನಾಗ ಬಿದ್ದ. 562101, ಅಂಕಿ ಕೂಡಿದರೆ 15. ಮೂರರಿಂದ ಹೋಯ್ತು. ಚಟ್ನಿ ಬರೋಕೆ ಮುಂಚೆನೇ ಔಟ್.

ರಾಜ ಮೀಸೆ ತಿರುವಿದ. "ನಮ್ದು 563101, ಕೂಡಿದರೆ 16. ಈ ಚಿಕ್ಕಬಳ್ಳಾಪುರದವರು 2007ರಲ್ಲೇ ನಮ್ಮ ಜಿಲ್ಲೆಯಿಂದ ಒಡೆದು ಹೋದವರು. ನಾವು ಅವಿಭಜಿತ ಕೋಲಾರ!"

"ತಡಿಯಯ್ಯಾ," ಅಂದರು ಮೇಷ್ಟ್ರು. "ಏಳು, ಹನ್ನೊಂದು, ಹದಿಮೂರು ಗುಣಿಸಿದರೆ 1001. ಅದಕ್ಕೇ ಆರಂಕಿ ನಂಬರನ್ನ ನಡುವೆ ಮುರಿದು, ಒಂದರಲ್ಲಿ ಇನ್ನೊಂದು ಕಳಿ. ಉಳಿದಿದ್ದು ಈ ಮೂರರಲ್ಲಿ ಯಾವುದಕ್ಕೆ ಬಗ್ಗುತ್ತೋ, ಇಡೀ ನಂಬರೂ ಅದಕ್ಕೇ ಬಗ್ಗುತ್ತೆ."

563ರಲ್ಲಿ 101 ಹೋದರೆ 462. ಅಂದರೆ ಆರು 77. ಕೋಲಾರ ಏಳರಿಂದಲೂ ಒಡೆಯಿತು, ಹನ್ನೊಂದರಿಂದಲೂ ಒಡೆಯಿತು. ಮಿಕ್ಕ 7313ನ್ನು ಮೇಷ್ಟ್ರು 71 ಇಂಟು 103 ಅಂತ ಚೂರು ಮಾಡಿದರು. ನಾಲ್ಕು ಪಾಲು! ಅಣ್ಣತಮ್ಮಂದಿರ ಜಮೀನೂ ಇಷ್ಟು ಬೇಗ ಪಾಲಾಗಲ್ಲ ಬಿಡಿ.

ಈಗ ನಮ್ಮ ಸರದಿ. 572ರಲ್ಲಿ 101 ಕಳೆದರೆ 471. ಏಳು, ಹನ್ನೊಂದು, ಹದಿಮೂರು, ಯಾವುದಕ್ಕೂ ಜಗ್ಗಲಿಲ್ಲ. ನಾನು ಇನ್ನೊಂದು ಪ್ಲೇಟ್ ಹೇಳಿದೆ. ದುಡ್ಡು ಅವರದ್ದಲ್ವಾ? ಎರಡನೇ ತುತ್ತಿಗೆ ಮೇಷ್ಟ್ರು ಕವರಿನ ಹಿಂದೆ ಬರೆದರು: 17 × 33653.

ತುತ್ತು ಗಂಟಲಲ್ಲೇ ನಿಂತಿತು. "33653 ಆದ್ರೂ ಗಟ್ಟಿ ಇರಬಹುದು ಸಾರ್," ಅಂತ ಗೋಗರೆದೆ. ಅದರ ವರ್ಗಮೂಲ 183 ಚಿಲ್ಲರೆ. ಅಲ್ಲಿವರೆಗಿನ ಅವಿಭಾಜ್ಯ ಸಂಖ್ಯೆಗಳನ್ನ ನೋಡಿದರೆ ಸಾಕು ಅಂದರು. ಸಾಕಂತೆ! 19, 23, 29... ಎರಡು ರೌಂಡ್ ಕಾಫಿ ಮುಗಿಯಿತು. 73ಕ್ಕೆ ಬಂದಾಗ ಶೇಷ ಸೊನ್ನೆ. ಉಳಿದಿದ್ದು 461. ಅದು ಮಾತ್ರ ಒಡೆಯಲಿಲ್ಲ.

ಅಲ್ಲಿವರೆಗೆ ಮುಖ ಊದಿಸಿಕೊಂಡಿದ್ದ ನಾಗ ಎದ್ದು ನಿಂತ. "ಸಾರ್, ನಮ್ಮ 562ರಲ್ಲಿ 101 ಕಳೆದರೆ?"

461.

"ನೋಡ್ರೋ! ತುಮಕೂರಿನ ಹೊಟ್ಟೆಯೊಳಗಿರೋ ಗಟ್ಟಿ ಕಾಳು ನಮ್ಮೂರಿಂದು!"

"ಲೋ, 1972ರಲ್ಲಿ ಅಂಚೆಯವರು ಕಾಗದ ವಿಂಗಡಿಸೋಕೆ ತಂದ ನಂಬರು ಇದು. ಅದರಲ್ಲಿ ಸಂಬಂಧ ಹುಡುಕಬೇಡಿ," ಅಂತ ಮೇಷ್ಟ್ರು ಬೈದರೂ ಅವನು ಕೇಳಲಿಲ್ಲ.

ಮೂರೂ ಊರು ಒಡೆದಿದ್ದಾಯ್ತು, ಬಿಲ್ಲೂ ಮೂರು ಪಾಲು ಅಂತಾಯ್ತು. ಬಂದಿದ್ದು 340 ರೂಪಾಯಿ. ಮೂರರಿಂದ ಹೋಗಲ್ಲ. ರಾಜ ಬಿಲ್ ನೋಡಿದ, ಆಮೇಲೆ ಮೆಲ್ಲಗೆ ತಿರುಗಿದ.

"ಮೇಷ್ಟ್ರೇ, ನಿಮ್ದು ಹುಟ್ಟೂರು ಯಾವುದು? ಅಲ್ಲಿನ ಪಿನ್ ಎಷ್ಟು?"